ಜಿಮ್ನಿಗೆ ಲಿಫ್ಟ್ ಹಾಕಿಸುವವರು ಬುಷ್ ಕೂರಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ

ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಸ್ಪ್ರಿಂಗ್, ಮುಂದೆ ಕ್ಯಾಸ್ಟರ್ ಬುಷ್ (ಬುಷ್ ಅಂದರೆ ಬೋಲ್ಟ್ ಕೂರುವ ಜಾಗದ ಮೆತ್ತನೆಯ ಬಳೆ), ಆಕ್ಸಲನ್ನು ಅಡ್ಡಕ್ಕೆ ಹಿಡಿಯುವ, ಅಡ್ಜಸ್ಟ್ ಆಗುವ ಪ್ಯಾನ್‌ಹಾರ್ಡ್ ರಾಡ್, ಹಿಂದಿನ ಆಕ್ಸಲನ್ನು ಉದ್ದಕ್ಕೆ ಹಿಡಿಯುವ ಹೊಸ ಟ್ರೇಲಿಂಗ್ ಆರ್ಮ್. ನನ್ನ ಐದು ಬಾಗಿಲಿನ ಮಾರುತಿ ಜಿಮ್ನಿಗೆ ಬೆಂಗಳೂರಿನ ಒಂದು ಆಫ್‌ರೋಡ್ ಗ್ಯಾರೇಜ್‌ನಲ್ಲಿ ಹಾಕಿಸಿದ್ದು ಇಷ್ಟು. ಗ್ಯಾರೇಜ್ ಹೆಸರು ಬರೆಯುವುದಿಲ್ಲ. ಇದೇ ಥರ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ಗಾಡಿ ಕೈಗೆ ಬಂದಾಗಲೇ ಸ್ಟೇರಿಂಗ್ ತುಂಬಾ ಹಗುರ ಅನ್ನಿಸಿತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಕೇಳಿದರೆ, 'ಲಿಫ್ಟ್ ಆದ್ಮೇಲೆ ಹಂಗೇ ಸಾರ್, ಸೆಟ್ ಆಗುತ್ತೆ' ಅಂದರು. ಹಂಪ್ ಮೇಲೆ ಹಿಂದಿನಿಂದ ಟಕ್ ಅಂತ ಸದ್ದು. ಅದಕ್ಕೂ ಉತ್ತರ ರೆಡಿ ಇತ್ತು: 'ಪಾಲಿ ಬುಷ್ ಅಂದ್ರೆ ಸದ್ದು ಇರುತ್ತೆ ಸಾರ್.' ಪಾಲಿ ಅಂದರೆ ರಬ್ಬರ್ ಬದಲು ಹಾಕುವ ಗಟ್ಟಿ ಪಾಲಿಯುರೆಥೇನ್.

ಆಮೇಲೆ ಸಕಲೇಶಪುರಕ್ಕೆ ಹೋಗುವಾಗ, ಯಡಿಯೂರು ದಾಟಿ ಒಂದು ಸೇತುವೆಯ ಜಾಯಿಂಟ್ ಮೇಲೆ ಚಕ್ರ ಹತ್ತಿತು. ವೇಗ 70ರ ಆಸುಪಾಸು. ಸ್ಟೇರಿಂಗ್ ಕೈಯಲ್ಲಿ ನಿಲ್ಲಲಿಲ್ಲ. ಗಾಡಿಯ ಇಡೀ ಮುಂಭಾಗ ಎಡಕ್ಕೂ ಬಲಕ್ಕೂ ಒದರತೊಡಗಿತು. ಡ್ಯಾಶ್‌ಬೋರ್ಡ್ ಮೇಲಿದ್ದ ಮೊಬೈಲ್ ಹಾರಿ ನನ್ನ ಹೆಂಡತಿಯ ಕಾಲ ಹತ್ತಿರ ಬಿತ್ತು. ಹಿಂದೆ ಲಾರಿ ಇತ್ತು. ಬ್ರೇಕ್ ಮೇಲೆ ಹಾರದೆ ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಎಡಕ್ಕೆ ತಂದೆ. ವೇಗ ಚೆನ್ನಾಗಿ ಇಳಿಯುವ ತನಕ ಆ ನಡುಕ ನಿಲ್ಲಲಿಲ್ಲ.

ಮುಂದೆ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರ ಎರಡನ್ನೂ ಸೇರಿಸುವ ಒಂದೇ ಗಟ್ಟಿ ಅಡ್ಡದಂಡ) ಇರುವ ಗಾಡಿಯವರಿಗೆ ಇದು ಗೊತ್ತಿರುತ್ತದೆ. ಡೆತ್ ವಾಬಲ್ ಅಂತಾರೆ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್. ಆ ಆಕ್ಸಲನ್ನು ಚಾಸಿಗೆ ಹಿಡಿದಿಡುವುದು ಉದ್ದಕ್ಕೆ ಎರಡು ಆರ್ಮ್, ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್, ಅಷ್ಟೇ. ಅದರಲ್ಲಿ ಒಂದು ಸಡಿಲವಾದರೂ ಇಡೀ ಆಕ್ಸಲ್ ಅಲ್ಲಾಡುತ್ತದೆ.

ನಿಧಾನಕ್ಕೆ ಓಡಿಸಿಕೊಂಡು ಸಕಲೇಶಪುರ ಸೇರಿದೆವು. ಅಲ್ಲಿ ಎಸ್ಟೇಟ್‌ಗಳ ಜೀಪು, ಜಿಪ್ಸಿ ನೋಡಿಕೊಳ್ಳುವ ಮೇಸ್ತ್ರಿಯೊಬ್ಬರು ಇದ್ದಾರೆ. ಗಾಡಿ ಕೆಳಗೆ ಮಲಗಿದರು. ನನಗೆ ಸ್ಟೇರಿಂಗ್ ಸುಮ್ನೆ ಎಡ ಬಲ ಆಡಿಸೋಕೆ ಹೇಳಿದರು. ಎಂಜಿನ್ ಆನ್, ಚಕ್ರ ನೆಲದ ಮೇಲೆ. ಪ್ಯಾನ್‌ಹಾರ್ಡ್ ರಾಡ್‌ನ ತುದಿ ಬೋಲ್ಟಿನ ಸುತ್ತ ಕಟ್ ಕಟ್ ಅಂತ ಸರಿಯುತ್ತಿತ್ತು. ಬರಿಗಣ್ಣಿಗೆ ಕಾಣುವಷ್ಟು. ಬಿಚ್ಚಿದರೆ, ಬುಷ್ ಒಳಗಿನ ಸ್ಟೀಲ್ ಕೊಳವೆ, ಅಂದರೆ ಸ್ಲೀವ್‌ನ ತೂತು ಬೋಲ್ಟಿಗಿಂತ ದೊಡ್ಡದು. ಬೇರೆ ಯಾವುದೋ ಗಾಡಿಯ ಸ್ಲೀವ್ ತಂದು ಹಾಕಿದ ಹಾಗಿತ್ತು. ಬೋಲ್ಟ್ ಎಷ್ಟು ಬಿಗಿದರೂ ಆ ಸಂದು ಹೋಗುವುದಿಲ್ಲ. ಬ್ರಾಕೆಟ್‌ನ ತೂತು ಆಗಲೇ ಮೊಟ್ಟೆ ಆಕಾರಕ್ಕೆ ತಿರುಗಿತ್ತು. ರಾಡ್‌ನ ಲಾಕ್‌ನಟ್ಟಂತೂ ಕೈಬೆರಳಲ್ಲೇ ತಿರುಗಿತು.

ಅದಕ್ಕಿಂತ ದೊಡ್ಡ ವಿಷಯ ಮುಂದಿನ ಆರ್ಮ್‌ನಲ್ಲಿತ್ತು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರು ಬೇಕಾದರೂ ಕಣ್ಣಲ್ಲಿ ನೋಡಿ ಹಿಡಿಯಬಹುದು.

ಗಾಡಿ ಎತ್ತರಿಸಿದಾಗ ಆರ್ಮ್ ಇಳಿಜಾರಾಗಿ, ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ ವಾಲುತ್ತದೆ. ಕ್ಯಾಸ್ಟರ್, ಅಂದರೆ ಸ್ಟೇರಿಂಗ್‌ಗೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಸ್ಟೇರಿಂಗ್ ನೇರಕ್ಕೆ ಮರಳದಿರುವುದು ಅದಕ್ಕೇ. ಇದನ್ನು ಸರಿಮಾಡಲು ಕ್ಯಾಸ್ಟರ್ ಬುಷ್ ಹಾಕುತ್ತಾರೆ. ಅದರ ತೂತು ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಒಂದು ಆರ್ಮ್‌ನ ಆಕ್ಸಲ್ ತುದಿಯಲ್ಲಿ ಇಂಥ ಎರಡು ಬುಷ್. ಒಂದರ ತೂತು ಯಾವ ಕಡೆಗಿದೆಯೋ ಇನ್ನೊಂದರದ್ದು ಅದಕ್ಕೆ ವಿರುದ್ಧ ಕಡೆಗೆ ಬರಬೇಕು, ಆಗಲೇ ಆಕ್ಸಲ್ ವಾಪಸ್ ತಿರುಗುವುದು. ತಲೆಕೆಳಗಾಗಿ ಕೂರಿಸಿದರೆ ಇರುವ ಕ್ಯಾಸ್ಟರೂ ಹೋಗುತ್ತದೆ. ನನ್ನ ಗಾಡಿಯಲ್ಲಿ ಬಲಗಡೆಯ ಆರ್ಮ್ ಸರಿಯಿತ್ತು. ಎಡಗಡೆಯದು ಉಲ್ಟಾ. ಅಂದರೆ ಒಂದೇ ಆಕ್ಸಲನ್ನು ಒಂದು ಆರ್ಮ್ ಹಿಂದಕ್ಕೆ ತಿರುಗಿಸುತ್ತಿದೆ, ಇನ್ನೊಂದು ಮುಂದಕ್ಕೆ! ಎಡಗಡೆ ಬೋಲ್ಟಿನ ತಲೆ ಸುತ್ತಿಗೆ ಏಟಿಗೆ ಚಪ್ಪಟೆಯಾಗಿತ್ತು. ತೂತಿಗೆ ತೂತು ಕೂಡದೆ ಬಡಿದು ನುಗ್ಗಿಸಿದ್ದಾರೆ. ಬೋಲ್ಟ್ ಕೈಯಲ್ಲಿ ಹೋಗಲಿಲ್ಲ ಅಂದಾಗಲೇ ಏನೋ ತಪ್ಪಾಗಿದೆ ಅಂತ ಗೊತ್ತಾಗಬೇಕಲ್ವಾ?

ಹಿಂದಿನ ಟಕ್ ಸದ್ದಿಗೆ ಕಾರಣ ಬೇರೆ. ಟ್ರೇಲಿಂಗ್ ಆರ್ಮ್‌ಗೆ ರಬ್ಬರ್ ಬುಷ್ ಇತ್ತು, ಅದು ಪಾಲಿ ಅಲ್ಲವೇ ಅಲ್ಲ. ರಬ್ಬರ್ ಬುಷ್‌ನಲ್ಲಿ ರಬ್ಬರು ಒಳಗಿನ ಸ್ಲೀವಿಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದರೆ ರಬ್ಬರೇ ತಿರುಚಿಕೊಳ್ಳಬೇಕು. ಹಾಗಾಗಿ ಕೊನೆಯ ಬಿಗಿ ಗಾಡಿ ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಾಗ ಕೊಡಬೇಕು. ಗ್ಯಾರೇಜ್‌ನವರು ಗಾಡಿ ಎತ್ತುವ ಲಿಫ್ಟ್ ಮೇಲೆ ಚಕ್ರ ನೇತಾಡುತ್ತಿದ್ದಾಗಲೇ ಇಂಪ್ಯಾಕ್ಟ್ ಗನ್ ಹಿಡಿದು ಬಿಗಿದಿದ್ದರು. ನಾನೇ ನೋಡಿದ್ದೆ, ಕೇಳಿಯೂ ಇದ್ದೆ. ನಗುತ್ತಾ 'ಎಲ್ಲಾ ಗಾಡಿಗೂ ಹಿಂಗೇ ಸಾರ್' ಅಂದಿದ್ದರು. ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇತ್ತು. ಮೇಸ್ತ್ರಿ ಹೊರಗೆ ತೆಗೆದಾಗ ಒಂದು ಬುಷ್ ಅರ್ಧ ಸುತ್ತು ಹರಿದು, ಒಳಗಿನ ಸ್ಲೀವ್ ಬೆರಳಲ್ಲಿ ಒತ್ತಿದರೆ ಆಡುತ್ತಿತ್ತು.

ಪಾಲಿ ಬಗ್ಗೆಯೂ ಒಂದು ಮಾತು. ಪಾಲಿ ಬುಷ್‌ನಲ್ಲಿ ಸ್ಲೀವ್ ಒಳಗೇ ತಿರುಗುತ್ತದೆ, ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು. ಗ್ರೀಸ್ ಇಲ್ಲದೆ ಹಾಕಿದರೆ ಕಿರುಗುಟ್ಟುತ್ತದೆ. ಅದು ನಿಜ. ಆದರೆ ಟಕ್ ಅಂತ ಬಡಿಯುವ ಸದ್ದು ಪಾಲಿಯದ್ದಲ್ಲ, ಎಲ್ಲೋ ಸಂದು ಇದೆ ಅಂತ ಅರ್ಥ. ಇನ್ನೂ ಒಂದು. ಜಿಮ್ನಿಯ ಮುಂದಿನ ಆರ್ಮ್ ಥರದ ಸೆಟಪ್‌ನಲ್ಲಿ ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಹಳ್ಳಕ್ಕೆ ಇಳಿಯಬೇಕಾದರೆ ಬುಷ್ ಬಗ್ಗಲೇಬೇಕು. ಗಟ್ಟಿ ಪಾಲಿ ಹಾಕಿದಷ್ಟೂ ಆ ಆಟ ಕಡಿಮೆ. 'ಆಫ್‌ರೋಡ್‌ಗೆ ಪಾಲಿನೇ ಬೆಸ್ಟ್' ಅನ್ನುವ ಮಾತು ನನಗಂತೂ ಒಪ್ಪಿಗೆ ಇಲ್ಲ.

ವಾಪಸ್ ಬಂದು ಗ್ಯಾರೇಜ್‌ನಲ್ಲಿ ಕೇಳಿದಾಗ ಅವರ ಪರಿಹಾರ ಏನು ಗೊತ್ತಾ? ಸ್ಟೇರಿಂಗ್ ನಡುಕ ತಡೆಯುವ ದಪ್ಪದ ಡ್ಯಾಂಪರ್ ಹಾಕೋಣ, ದುಡ್ಡು ಬೇರೆ. ಜಿಮ್ನಿಗೆ ಕಂಪನಿಯೇ ಡ್ಯಾಂಪರ್ ಕೊಟ್ಟಿದೆ. ದೊಡ್ಡದು ಹಾಕಿದರೆ ನಡುಕ ಸ್ವಲ್ಪ ದಿನ ಮುಚ್ಚಿಹೋಗುತ್ತದೆ, ಸಡಿಲ ಬೋಲ್ಟ್ ಸಡಿಲವಾಗಿಯೇ ಇರುತ್ತದೆ. ಯಾರೇ ಹೀಗೆ ಹೇಳಿದರೂ ಒಪ್ಪಬೇಡಿ.

ಅಲೈನ್‌ಮೆಂಟ್ ಪ್ರಿಂಟ್ ಕೊಟ್ಟಿದ್ದರು, ಅದರಲ್ಲಿ ಬರೀ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಇತ್ತು. ಈ ಗಾಡಿಯಲ್ಲಿ ಕ್ಯಾಸ್ಟರ್ ಅಡ್ಜಸ್ಟ್ ಮಾಡೋಕೆ ಬರಲ್ಲ ಅಂತ ಬಹಳ ಅಂಗಡಿಯವರು ಅದನ್ನು ಅಳೆಯುವುದೇ ಇಲ್ಲ. ಕೆಲಸಕ್ಕೆ ಮುಂಚೆ ಒಂದು, ಆಮೇಲೆ ಒಂದು, ಎರಡರಲ್ಲೂ ಕ್ಯಾಸ್ಟರ್ ಸಂಖ್ಯೆ ಇರುವ ಪ್ರಿಂಟ್ ಹಟ ಹಿಡಿದು ಕೇಳಿ. ಲಾಕ್‌ನಟ್ ಮೇಲೆ ಪೇಂಟ್ ಗೆರೆ ಎಳೆಸಿ, ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ ಗೆರೆ ಸರಿದಿದೆಯಾ ನೋಡಿ, ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿ ಚೆಕ್ ಮಾಡಿಸಿ.

ಇನ್ಶೂರೆನ್ಸ್ ವಿಷಯವೂ ತಲೆಯಲ್ಲಿರಲಿ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್. ಅಂದು ಆ ಲಾರಿ ಹಿಂದಿನಿಂದ ಗುದ್ದಿದ್ದರೆ ಕ್ಲೇಮ್‌ಗೆ ಎಷ್ಟು ಅಲೆಯಬೇಕಿತ್ತೋ.

ಈಗ ಗಾಡಿಯಲ್ಲಿ ಕಂಪನಿ ಸ್ಪ್ರಿಂಗ್, ಕಂಪನಿ ಆರ್ಮ್, ಕಂಪನಿ ಬುಷ್. ಬ್ರಾಕೆಟ್ ತೂತು ವೆಲ್ಡ್ ಮಾಡಿ ಹೊಸದಾಗಿ ಕೊರೆಸಬೇಕಾಯಿತು. ಗ್ಯಾರೇಜ್‌ನವರು ದುಡ್ಡು ವಾಪಸ್ ಕೊಡುವುದಿಲ್ಲ, ಆದರೆ ಬಿಚ್ಚಿದ ರಾಡು, ಆರ್ಮ್ ಕೊಟ್ಟರೆ ಸ್ವಲ್ಪ ಕಾಸು ಕೊಡುತ್ತಾರಂತೆ. 'ಬೇರೆ ಗಾಡಿಗೆ ಆಗುತ್ತೆ ಸಾರ್.' ನಾನು ಕೊಟ್ಟಿಲ್ಲ. ಆದರೆ ಇಂಥ ಮಾಲು ಪೇಂಟ್ ಬಳಿದುಕೊಂಡು ಸೆಕೆಂಡ್‌ಹ್ಯಾಂಡ್‌ನಲ್ಲಿ ಬರುವುದು ಹೀಗೇ. ಕೊಳ್ಳುವ ಮುಂಚೆ ನಿಮ್ಮ ಗಾಡಿಯ ಬೋಲ್ಟನ್ನೇ ತೆಗೆದುಕೊಂಡು ಹೋಗಿ, ಸ್ಲೀವ್ ಒಳಗೆ ಹಾಕಿ ಅಲ್ಲಾಡಿಸಿ ನೋಡಿ.