ಝ್ಯಾಂಪ್, ಡಾಕರ್, ಬರೀ ಪಿಎಚ್‌ಪಿ: ಜೀನ್ಸ್ ಯೂನಿಟ್ಟಿನ ಕಂಪ್ಯೂಟರಿಗೆ ಯಾವುದು ಸರಿ?

ಬಳ್ಳಾರಿಯಲ್ಲಿ ನನ್ನ ಸೋದರಮಾವನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಕಟಿಂಗ್ ಆದ ಬಂಡಲ್ ಯಾರ ಮನೆಗೆ ಹೊಲಿಗೆಗೆ ಹೋಯಿತು, ಎಷ್ಟು ಪೀಸ್ ವಾಪಸ್ ಬಂತು, ಶನಿವಾರ ಯಾರಿಗೆಷ್ಟು ಬಟವಾಡೆ ಎಂಬ ಲೆಕ್ಕಕ್ಕೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ವೆಬ್ ಅಪ್ಲಿಕೇಶನ್ ಬರೆದೆ. ಬಾಡಿಗೆ ಸರ್ವರ್ ಬೇಡ. ಯೂನಿಟ್ಟಿನ ಕಂಪ್ಯೂಟರಿನಲ್ಲೇ ಓಡಬೇಕು, ವೈಫೈಯಲ್ಲಿ ಮೊಬೈಲಿನಿಂದಲೂ ತೆರೆಯಬೇಕು. ಅದು 8 ಜಿಬಿ ರ‍್ಯಾಮ್ ಇರುವ ಹಳೇ ವಿಂಡೋಸ್ ಯಂತ್ರ. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟ್ ಹೋದ್ರ ಲೆಕ್ಕಾನೂ ಹೋಗ್ತೈತೇನಲೇ?"

ಹಾಗಾಗಿ ಮೂರು ದಾರಿಗಳನ್ನೂ ಅದೇ ಯಂತ್ರದಲ್ಲಿ ಓಡಿಸಿ ನೋಡಿದೆ.

ಝ್ಯಾಂಪ್ ನಮ್ಮ ಕಡೆ ಕಾಲೇಜಿನಲ್ಲಿ ಕಲಿತವರಿಗೆಲ್ಲ ಗೊತ್ತು. ಪುಟಗಳನ್ನು ಬ್ರೌಸರ್‌ಗೆ ಕಳಿಸುವ ಅಪಾಚೆ ಸರ್ವರ್, ಲೆಕ್ಕ ಇಡುವ ಮರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ, ಪರ್ಲ್ ಭಾಷೆ ಎಲ್ಲ ಒಂದೇ ಇನ್‌ಸ್ಟಾಲರ್‌ನಲ್ಲಿ ಬರುತ್ತವೆ. ಎಚ್‌ಟಿಡಾಕ್ಸ್ ಫೋಲ್ಡರ್‌ಗೆ ಫೈಲ್ ಹಾಕಿದರೆ ಬ್ರೌಸರ್‌ನಲ್ಲಿ ಪುಟ ತೆರೆಯುತ್ತದೆ. ಪಿಎಚ್‌ಪಿಮೈಅಡ್ಮಿನ್ ಎಂಬ ಪುಟದಲ್ಲಿ ಡೇಟಾಬೇಸಿನ ಟೇಬಲ್‌ಗಳನ್ನು ಕಣ್ಣಾರೆ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ. 80ನೇ ಪೋರ್ಟನ್ನು (ಸರ್ವರ್ ಕೋರಿಕೆಗೆ ಕಾಯುವ ಬಾಗಿಲಿನ ಸಂಖ್ಯೆ) ಬೇರೆ ಯಾವುದೋ ಪ್ರೋಗ್ರಾಂ ಹಿಡಿದಿದ್ದರೆ ಅಪಾಚೆ ಏಳುವುದಿಲ್ಲ. ಸೆಟಿಂಗ್‌ನಲ್ಲಿ 8080 ಅಂತ ಬದಲಿಸಿದರೆ ಮುಗೀತು.

ತೊಂದರೆ ಶುರುವಾಗೋದು ಕರೆಂಟ್ ಹೋದಾಗ. ಯುಪಿಎಸ್ ಬ್ಯಾಟರಿ ಸೋತು ಯಂತ್ರ ದಿಢೀರ್ ಆಫ್ ಆದ ಮೇಲೆ ಡೇಟಾಬೇಸ್ ಸ್ಟಾರ್ಟ್ ಆಗಲೇ ಇಲ್ಲ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕೆಂಪು ಅಕ್ಷರ. ನಮ್ಮ ಲೆಕ್ಕದ ಟೇಬಲ್‌ಗಳು ಇನ್ನೋಡಿಬಿ ಎಂಬ ಎಂಜಿನ್‌ನವು (ಎಂಜಿನ್ ಅಂದರೆ ಡೇಟಾ ಬರೆದಿಡುವ ವಿಧಾನ), ಅವು ಸಾಮಾನ್ಯವಾಗಿ ತಾವೇ ಸುಧಾರಿಸಿಕೊಳ್ಳುತ್ತವೆ. ಆದರೆ ಮರಿಯಾಡಿಬಿ 10.4ರಿಂದ ಈಚೆಗೆ ಅದರ ಒಳಗಿನ ಸಿಸ್ಟಮ್ ಟೇಬಲ್‌ಗಳು ಏರಿಯಾ ಎಂಬ ಬೇರೆ ಎಂಜಿನ್‌ನಲ್ಲಿವೆ. ಅವು ಕೆಟ್ಟರೆ ಡೇಟಾ ಸರಿಯಿದ್ದರೂ ಸರ್ವರ್ ಏಳುವುದಿಲ್ಲ. ನಾನಿದ್ದರೆ ಹೇಗೋ ರಿಪೇರಿ ಮಾಡಬಹುದು. ಬಟವಾಡೆ ದಿನ ಮಾವ ಒಬ್ಬರೇ ಇದ್ದರೆ? ಇನ್ನೊಂದು ಮಾತು: ಇದರ ಡೇಟಾಬೇಸಿನ ರೂಟ್‌ಗೆ, ಅಂದರೆ ಎಲ್ಲ ಅಧಿಕಾರವಿರುವ ಖಾತೆಗೆ, ಶುರುವಿನಲ್ಲಿ ಪಾಸ್‌ವರ್ಡೇ ಇರುವುದಿಲ್ಲ. ವೈಫೈಗೆ ಬಿಡುವ ಮುಂಚೆ ಹಾಕಲೇಬೇಕು.

ಅಪ್ಲಿಕೇಶನ್ನನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಒಂದು ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಡಾಕರ್ ಬಗ್ಗೆ ಗೆಳೆಯರು ಬಹಳ ಹೊಗಳಿದ್ದರು. ಹೊಗಳಿಕೆ ಸುಳ್ಳಲ್ಲ. ಒಂದು ಕಂಪೋಸ್ ಫೈಲಿನಲ್ಲಿ ಪಿಎಚ್‌ಪಿ ಯಾವ ಆವೃತ್ತಿ, ಡೇಟಾಬೇಸ್ ಯಾವುದು ಅಂತ ಬರೆದಿಟ್ಟರೆ ಯಾವ ಯಂತ್ರದಲ್ಲೂ ಅದೇ ಏರ್ಪಾಡು ಎದ್ದು ನಿಲ್ಲುತ್ತದೆ. ಆದರೆ ವಿಂಡೋಸ್‌ನಲ್ಲಿ ಇದು ಡಬ್ಲ್ಯುಎಸ್ಎಲ್ 2 ಎಂಬ ಲಿನಕ್ಸ್ ಮೇಲೆ ಓಡುತ್ತದೆ. ಆ ಲಿನಕ್ಸ್ ಸುಮ್ನೆ ಬಿಟ್ಟರೆ ರ‍್ಯಾಮಿನ ಅರ್ಧದವರೆಗೂ ನುಂಗಬಹುದು. ಅದರ ಕಾನ್ಫಿಗ್ ಫೈಲಿನಲ್ಲಿ 2 ಜಿಬಿಗೆ ಕಟ್ಟಿಹಾಕಿದ ಮೇಲೇ ಬ್ರೌಸರ್ ಉಸಿರಾಡಿದ್ದು. ಕೋಡ್ ಸಿ ಡ್ರೈವ್‌ನಲ್ಲಿದ್ದರೆ ಪುಟ ನಿಧಾನ. ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಸಾಗಿಸಿದರೆ ಚುರುಕು. ಹಾಗೆ ಸಾಗಿಸಿದ್ದರಿಂದ ಒಂದು ಲಾಭವೂ ಆಯಿತು. ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವಿರುವ ಫೈಲ್ ಹೆಸರನ್ನು ವಿಂಡೋಸ್ ಮಾಫಿ ಮಾಡುತ್ತದೆ, ಲಿನಕ್ಸ್ ಮಾಡುವುದಿಲ್ಲ. ಅಂಥ ತಪ್ಪುಗಳು ಇಲ್ಲೇ ಸಿಕ್ಕಿಬಿದ್ದವು. ಇನ್ನು ಡಾಕರ್‌ನ ಇಮೇಜ್‌ಗಳನ್ನು, ಅಂದರೆ ಸಿದ್ಧ ಪೆಟ್ಟಿಗೆಗಳ ಫೈಲ್‌ಗಳನ್ನು, ಇಳಿಸುವುದರಲ್ಲೇ ಮೊಬೈಲ್ ಡೇಟಾ ಖಾಲಿ. ಏಪ್ರಿಲ್ ಬಿಸಿಲಲ್ಲಿ ಫ್ಯಾನಿನ ಸದ್ದು ಬೇರೆ. ಈ ಕೆಲಸಕ್ಕೆ ಡಾಕರ್ ಅಂದರೆ ಒಂದು ಬಂಡಲ್ ಪ್ಯಾಂಟ್ ಒಯ್ಯಲು ಲಾರಿ ಕರೆಸಿದ ಹಾಗೆ.

ಮೂರನೆಯದು ಬರೀ ಪಿಎಚ್‌ಪಿ. 2012ರ 5.4ನೇ ಆವೃತ್ತಿಯಿಂದ ಪಿಎಚ್‌ಪಿ ಒಳಗೇ ಪುಟ್ಟ ಸರ್ವರ್ ಇದೆ. ಜಿಪ್ ಬಿಚ್ಚಿ, ಸೆಟಿಂಗ್‌ಗಳ ಐಎನ್ಐ ಫೈಲಿನಲ್ಲಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಸಾಲಿನ ಮುಂದಿನ ಅರ್ಧವಿರಾಮ ಅಳಿಸಿ, ಒಂದು ಸಾಲಿನ ಆಜ್ಞೆ ಕೊಟ್ಟರೆ ಸಾಕು. ಎಸ್‌ಕ್ಯೂಲೈಟ್‌ಗೆ ಬೇರೆ ಸರ್ವರ್ ಬೇಡ, ಇಡೀ ಲೆಕ್ಕ ಒಂದೇ ಫೈಲ್. ಬರೆಯುವಾಗ ಕರೆಂಟ್ ಹೋದರೆ, ಮುಂದಿನ ಸಲ ತೆರೆದಾಗ ಜರ್ನಲ್ ಫೈಲ್ ನೋಡಿ ಅರ್ಧಂಬರ್ಧ ನಮೂದನ್ನು ತಾನೇ ರದ್ದು ಮಾಡುತ್ತದೆ. ಬೇಕೆಂದೇ ಪ್ಲಗ್ ಕಿತ್ತು ನೋಡಿದೆ. ಸೇವ್ ಆದದ್ದೆಲ್ಲ ಅಲ್ಲೇ ಇತ್ತು. ರಾತ್ರಿ ಅಪ್ಲಿಕೇಶನ್ ಮುಚ್ಚಿ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುವುದು ಮಾವನಿಗೂ ಬರುತ್ತದೆ.

ಕೊರತೆಯೂ ಇದೆ. ವಿಂಡೋಸ್‌ನಲ್ಲಿ ಈ ಸರ್ವರ್ ಒಮ್ಮೆಗೆ ಒಂದೇ ಕೋರಿಕೆ ನೋಡುತ್ತದೆ, ಹತ್ತಾರು ಜನ ಒಟ್ಟಿಗೆ ಬಂದರೆ ಸಾಲಿನಲ್ಲಿ ಕಾಯಬೇಕು. ಅಪಾಚೆಗೆ ನಿಯಮ ಬರೆದಿಡುವ ಎಚ್‌ಟಿಆಕ್ಸೆಸ್ ಫೈಲ್ ಇದಕ್ಕೆ ಲೆಕ್ಕಕ್ಕಿಲ್ಲ. ಇಂಟರ್‌ನೆಟ್‌ಗೆ ಇದನ್ನು ತೆರೆದಿಡಬೇಡಿ ಅಂತ ಪಿಎಚ್‌ಪಿ ಕೈಪಿಡಿಯೇ ಹೇಳುತ್ತದೆ. ಆದರೆ ಯೂನಿಟ್‌ನಲ್ಲಿ ಬಳಸುವವರು ಮಾವ, ಕಟಿಂಗ್ ಮಾಸ್ಟರ್, ಲೆಕ್ಕ ಬರೆಯೋ ಹುಡುಗಿ. ಅಷ್ಟಕ್ಕೆ ಧಾರಾಳ ಸಾಕು.

ಹಾಗಾಗಿ ಯೂನಿಟ್‌ನಲ್ಲಿ ಈಗ ಓಡುತ್ತಿರುವುದು ಮೂರನೆಯದೇ. ಆಜ್ಞೆಯನ್ನು ಒಂದು ಬ್ಯಾಚ್ ಫೈಲಿಗೆ ಹಾಕಿ ಸ್ಟಾರ್ಟಪ್ ಫೋಲ್ಡರ್‌ನಲ್ಲಿಟ್ಟಿದ್ದೇನೆ. ಫೈರ್‌ವಾಲ್‌ನಲ್ಲಿ ಯೂನಿಟ್ಟಿನ ವೈಫೈಗೆ ಮಾತ್ರ ಅನುಮತಿ. ರೂಟರ್‌ನಲ್ಲಿ ಈ ಯಂತ್ರದ ಐಪಿ ವಿಳಾಸ ಬದಲಾಗದಂತೆ ಕಟ್ಟಿಟ್ಟಿದ್ದೇನೆ, ಇಲ್ಲವಾದರೆ ಮೊಬೈಲಿನ ಬುಕ್‌ಮಾರ್ಕ್ ಕೆಲಸಕ್ಕೆ ಬಾರದು. ಮುಂದೆ ವಾಷಿಂಗ್‌ನವರಿಗೂ ಅವರ ಜಾಗದಿಂದಲೇ ಲೆಕ್ಕ ಕಾಣಬೇಕು ಅಂತ ಮಾವ ಅಂದರೆ ಲಿನಕ್ಸ್ ಸರ್ವರ್ ಬಾಡಿಗೆಗೆ ಬೇಕಾಗುತ್ತದೆ. ಆಗ ಡಾಕರ್ ಕಂಪೋಸ್ ಫೈಲನ್ನು ಹೊರತೆಗೆಯುತ್ತೇನೆ, ಅದನ್ನು ಅಳಿಸಿಲ್ಲ.