ಹಳೇ ಮಿಯಾಟಾಗೆ ಮೊದಲು ಏನು ಹಾಕ್ಸೋದು: ಇಂಟೇಕಾ, ಎಕ್ಸಾಸ್ಟಾ, ಶಾಕ್ಸಾ, ಇಲ್ಲ ಟೈರು-ಬ್ರೇಕಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಟೈರ್‌ಗೆ, ಅದರ ಬೆನ್ನಿಗೇ ಬ್ರೇಕ್ ಪ್ಯಾಡು, ಬ್ರೇಕ್ ಫ್ಲೂಯಿಡು, ಅಲೈನ್‌ಮೆಂಟು (ಚಕ್ರಗಳ ಕೋನ ಹೊಂದಿಸೋದು). ಇಂಟೇಕು (ಇಂಜಿನ್‌ಗೆ ಗಾಳಿ ಹೋಗೋ ದಾರಿ), ಎಕ್ಸಾಸ್ಟು (ಹೊಗೆ ಹೊರಗೆ ಹೋಗೋ ಪೈಪು) ಎಲ್ಲ ಆಮೇಲೆ, ಅದೂ ದುಡ್ಡು ಉಳಿದಿದ್ರೆ. ನನ್ನ ಹತ್ರ ಇರೋದು 1999ರ ಮಾಜ್ದಾ ಮಿಯಾಟಾ, ಎರಡು ಸೀಟಿನ ಟಾಪ್ ತೆಗೆಯೋ ಪುಟ್ಟ ಸ್ಪೋರ್ಟ್ಸ್ ಕಾರು, ಎನ್‌ಬಿ ಅಂತಾರಲ್ಲ ಆ ಎರಡನೇ ಜನರೇಷನ್‌ದು, 1.8 ಲೀಟರ್ ಇಂಜಿನ್, ಐದು ಗೇರು. ನಾನಿರೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಗಾಡಿ ತಗೊಂಡಿದ್ದು ಅರಿಜೋನಾದಿಂದ, ಆ ಒಣ ಹವೆಗೆ ತುಕ್ಕು ಹಿಡಿಯಲ್ಲ ಅಂತ. ಹಳೇ ಓನರ್ ಇಂಟೇಕು, ಎಕ್ಸಾಸ್ಟು ಎರಡೂ ಹಾಕ್ಸಿಟ್ಟಿದ್ದ, ಟೈರಿನ ಕಡೆ ಮಾತ್ರ ತಿರುಗಿ ನೋಡಿರಲಿಲ್ಲ. ಹಾಗಾಗಿ ಒಂದೇ ಗಾಡೀಲಿ ಎಲ್ಲಾನೂ ಹಾಕಿ, ಬಿಚ್ಚಿ, ಓಡಿಸಿ ನೋಡೋ ಅವಕಾಶ ನಂಗೆ ಸಿಕ್ತು. ಬಜೆಟ್ಟು ಎಲ್ಲ ಸೇರಿ 1500 ಡಾಲರ್, ಅದರ ಮೇಲೆ ಒಂದು ಪೈಸೆ ಇಲ್ಲ ಅಂತ ಮನೇಲಿ ಮಾತಾಗಿತ್ತು.

ಕಾಗದದ ಮೇಲೆ ಇದಕ್ಕೆ 140 ಹಾರ್ಸ್‌ಪವರ್, ತೂಕ ಒಂದು ಟನ್ ಮೇಲೆ ಚೂರು. ಹೊಸದಾಗಿ ತಗೊಂಡೋರಿಗೆಲ್ಲ ಪವರ್ ಸಾಲಲ್ಲ ಅಂತಲೇ ಮೊದಲು ಅನ್ಸೋದು, ಅದಕ್ಕೇ ಕೈ ಸೀದಾ ಇಂಟೇಕ್ ಕಡೆ ಹೋಗುತ್ತೆ. ಆದ್ರೆ 2001ರ ಮಾಡೆಲ್‌ದು ಒಂದು ಕಥೆ ಇದೆ ಕೇಳಿ. ಮಾಜ್ದಾ 155 ಹಾರ್ಸ್‌ಪವರ್ ಅಂತ ಹೇಳ್ಕೊಂಡು ಮಾರೋಕೆ ಶುರು ಮಾಡಿ, ಆಮೇಲೆ ಅಮೆರಿಕದ ಗಾಡೀಲಿ ಇರೋದು 142 ಅಂತ ತಾನೇ ಒಪ್ಕೊಂಡು, ಬೇಡ ಅಂದೋರಿಂದ ಗಾಡಿ ವಾಪಸ್ ತಗೋತೀವಿ ಅಂತು, ಇಟ್ಕೊಂಡೋರಿಗೆ 500 ಡಾಲರ್ರೂ ಫ್ರೀ ಸರ್ವಿಸ್ಸೂ ಕೊಡ್ತು. ಒಂದು ಕಾರ್ ಕಂಪನಿ ಅಷ್ಟೆಲ್ಲ ಮಾಡಿದ್ದು 13 ಹಾರ್ಸ್‌ಪವರ್‌ಗೆ. ಇಂಟೇಕ್ ಅಂತ ಹಾಕ್ಸೋ ಬರೀ ಒಂದು ಕೋನ್ ಆಕಾರದ ಏರ್ ಫಿಲ್ಟರ್‌ನಿಂದ ಅದರ ಅರ್ಧ ಬರೋದೂ ಕಷ್ಟ.

ಇಂಟೇಕ್ ಬಗ್ಗೆ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನನ್ನ ತಲೆ ತಿಂದಿದ್ದು ಇದೇ. ಮಿಯಾಟಾದಲ್ಲಿ ಏರ್‌ಬಾಕ್ಸ್, ಅಂದ್ರೆ ಏರ್ ಫಿಲ್ಟರ್ ಇರೋ ಡಬ್ಬ, ಕೂತಿರೋದು ಇಲ್ಲಿನ ಲೆಫ್ಟ್ ಹ್ಯಾಂಡ್ ಡ್ರೈವ್ ಗಾಡೀಲಿ ಡ್ರೈವರ್ ಕಡೆ ಮುಂದಿನ ಮೂಲೇಲಿ, ಎಕ್ಸಾಸ್ಟ್ ಹೆಡರ್ (ಇಂಜಿನ್‌ನಿಂದ ಬಿಸಿ ಹೊಗೆ ಹೊರಬರೋ ಪೈಪು) ಇರೋ ಕಡೇಗೇ. ಅಲ್ಲಿಂದ ಒಂದು ಪೈಪು ಇಂಜಿನ್ ಮುಂದೆ ಅಡ್ಡ ಹಾದು ಆ ಕಡೆ ಇಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್‌ಗೆ ಹೋಗುತ್ತೆ. ಕಂಪನಿಯ ಕರೀ ಡಬ್ಬ ನೋಡೋಕೆ ಚೆನ್ನಾಗಿಲ್ಲ, ಆದ್ರೆ ಆ ಬಿಸಿ ಫಿಲ್ಟರ್‌ಗೆ ತಟ್ಟದ ಹಾಗೆ ಅಡ್ಡ ನಿಂತಿರೋದು ಅದೇ. ಅದನ್ನ ಕಿತ್ತು ಬರೀ ಕೋನ್ ಸಿಕ್ಕಿಸಿದ್ರೆ ಇಂಜಿನ್ನು ಹೆಡರಿನ ಬಿಸಿ ಗಾಳೀನೇ ಎಳ್ಕೊಳ್ಳುತ್ತೆ, ಬಿಸಿ ಗಾಳಿ ತೆಳ್ಳಗಿರುತ್ತೆ, ಅದರಲ್ಲಿ ಆಕ್ಸಿಜನ್ನೂ ಕಮ್ಮಿ. ಬೇಸಿಗೇಲಿ ಸಿಗ್ನಲ್‌ನಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟ್ರೆ ಗಾಡಿ ಮಂಕಾಗಿರೋದು ಕಾಲಿಗೇ ಗೊತ್ತಾಗ್ತಿತ್ತು. 4000 ಆರ್‌ಪಿಎಂ ದಾಟಿದ ಮೇಲೆ ಸದ್ದು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು, ಅದನ್ನ ಇಲ್ಲ ಅನ್ನಲ್ಲ.

ಆಮೇಲೆ ಬಂತು ಸ್ಮಾಗ್ ಟೆಸ್ಟು, ಅಂದ್ರೆ ಹೊಗೆ ತಪಾಸಣೆ. ಬೇರೆ ರಾಜ್ಯದ ಗಾಡಿನ ಇಲ್ಲಿ ರಿಜಿಸ್ಟರ್ ಮಾಡ್ಸೋಕೆ ಇದು ಪಾಸಾಗಲೇಬೇಕು. 2000 ಮತ್ತೆ ಅದರ ನಂತರದ ಗಾಡಿಗಳಿಗೆ ಮುಖ್ಯವಾಗಿ ಕೇಬಲ್ ಹಾಕಿ ಕಂಪ್ಯೂಟರ್ ಓದ್ತಾರೆ, ನಂದು 1999ರದ್ದು ಆದ್ರಿಂದ ನಮ್ಮ ಏರಿಯಾದಲ್ಲಿ ರೋಲರ್ ಮೇಲೆ ಹತ್ತಿಸಿ ಓಡಿಸಿ ಹೊಗೆ ಅಳೀತಾರೆ. ಜೊತೆಗೆ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಒಂದೊಂದೇ ಹೋಸು ನೋಡ್ತಾರೆ. ಇಂಟೇಕ್ ಬದಲಾಗಿದ್ರೆ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ ನಂಬರ್ (ಈ ಪಾರ್ಟ್ ಹಾಕ್ಬಹುದು ಅನ್ನೋ ಒಪ್ಪಿಗೆ ನಂಬರ್) ಇರೋ ಕಿಟ್ಟೇ ಆಗಿರ್ಬೇಕು, ಅದರ ಸ್ಟಿಕ್ಕರ್ ಕಣ್ಣಿಗೆ ಬೀಳ್ಬೇಕು. ನನ್ನ ಗಾಡೀಲಿದ್ದ ಕಿಟ್‌ಗೆ ನಂಬರ್ರೂ ಇಲ್ಲ, ಸ್ಟಿಕ್ಕರ್ರೂ ಇಲ್ಲ. ಹೊಗೆ ರೀಡಿಂಗ್ ಎಲ್ಲ ಮಿತಿ ಒಳಗೇ ಇತ್ತು, ಆದ್ರೂ ಫೇಲು. ಅಷ್ಟು ಸಾಲದು ಅಂತ ಇನ್ನೊಂದು ಸಿಕ್ತು. ವಾಲ್ವ್ ಕವರ್‌ನಿಂದ (ಇಂಜಿನ್ ಮೇಲಿನ ಮುಚ್ಚಳ) ಇಂಟೇಕ್ ಪೈಪಿಗೆ ಒಂದು ಬ್ರೀದರ್ ಹೋಸ್ ಹೋಗ್ಬೇಕು, ಕ್ರ್ಯಾಂಕ್‌ಕೇಸ್‌ನ (ಇಂಜಿನ್ನಿನ ಕೆಳಗಿನ ಒಳಭಾಗ) ಗಾಳಿ ಹೊರಗೆ ಬಿಡದೆ ವಾಪಸ್ ಇಂಜಿನ್‌ಗೇ ಕೊಡೋಕೆ. ಅದನ್ನ ತೆಗೆದು ಅಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಫಿಲ್ಟರ್ ಕೂರಿಸಿದ್ರು. ಅದಕ್ಕೂ ಫೇಲು.

ಇನ್ನು ಒರಿಜಿನಲ್ ಡಬ್ಬ ಹುಡುಕೋ ಕೆಲಸ. ಹಳೇ ಓನರ್ ಎಸೆದಾಗಿತ್ತು. ಗುಜರಿ ಯಾರ್ಡ್‌ಗಳಲ್ಲಿ ಮಿಯಾಟಾ ಬರೋದೇ ಅಪರೂಪ, ಬಂದ್ರೂ ಏರ್‌ಬಾಕ್ಸ್ ಮೊದಲೇ ಮಾಯ ಆಗಿರುತ್ತೆ, ಯಾಕಂದ್ರೆ ನನ್ನ ಥರಾನೇ ಸ್ಮಾಗ್‌ನಲ್ಲಿ ಸಿಕ್ಕಾಕೊಂಡೋರು ಎಷ್ಟೋ ಜನ. ಕೊನೆಗೆ ಒಂದು 2000ರ ಗಾಡೀದು ಸಿಕ್ತು, 80 ಡಾಲರ್ ಕೊಟ್ಟೆ. ಕಾಲು ಶತಮಾನ ಬಿಸಿ ತಿಂದ ಪ್ಲಾಸ್ಟಿಕ್ಕು, ಮುಚ್ಚಳದ ಕ್ಲಿಪ್ಪು ಕೈ ಇಟ್ರೆ ಪುಡಿ ಆಗ್ತಿತ್ತು. ಡಬ್ಬ ಹೇಗೋ ಕೂತ್ತು, ಆದ್ರೆ ಆ ಬ್ರೀದರ್ ಹೋಸ್ ಇದ್ಯಲ್ಲ, ಅದು ಬಾಗಿದ ಆಕಾರದಲ್ಲೇ ಅಚ್ಚು ಹಾಕಿ ಬರೋದು, ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಸಿಗೋ ನೇರ ಹೋಸ್ ಹಾಕಿದ್ರೆ ಆ ತಿರುವಲ್ಲಿ ಮಡಚ್ಕೊಂಡು ಚಪ್ಪಟೆ ಆಗುತ್ತೆ. ಸರಿಯಾದ ಹೋಸ್ ಬರೋವರೆಗೂ ಗಾಡಿ ಗರಾಜಲ್ಲೇ. ಎಲ್ಲ ಹಾಕಿ, ಪಾಸಾಗಿ, ಮತ್ತೆ ಅದೇ ರಸ್ತೇಲಿ ಓಡಿಸಿದ್ರೆ ನಿಧಾನ ಆಗಿದೆ ಅಂತ ಎಲ್ಲೂ ಅನ್ಸಲಿಲ್ಲ, ಸಿಗ್ನಲ್‌ನಿಂದ ಹೊರಡೋವಾಗಂತೂ ಮೊದಲಿಗಿಂತ ಚುರುಕು. ಇಂಟೇಕ್ ಬೇಕೇ ಬೇಕು ಅನ್ನೋರು ಇಒ ನಂಬರ್ ಇರೋದನ್ನೇ ತಗೊಳ್ಳಿ, ಹಳೇ ಡಬ್ಬಾನ ಹೋಸ್ ಸಮೇತ ಅಟ್ಟದ ಮೇಲೆ ಎತ್ತಿಡಿ.

ಎಕ್ಸಾಸ್ಟು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟದೆ ಅದರ ಹಿಂದಿನ ಭಾಗ ಮಾತ್ರ ಬದಲಾಯಿಸಿದ್ರೆ ಸ್ಮಾಗ್ ತಂಟೆ ಇಲ್ಲ, ತೂಕಾನೂ ಸ್ವಲ್ಪ ಇಳಿಯುತ್ತೆ. ಆದ್ರೆ ಐದನೇ ಗೇರಲ್ಲಿ ಫ್ರೀವೇ ಸ್ಪೀಡ್‌ಗೆ ಈ ಇಂಜಿನ್ 3500 ಮೇಲೇ ತಿರುಗುತ್ತೆ, ಆ ಗುಂಯ್ ಅನ್ನೋ ಸದ್ದು ತಲೆ ಒಳಗೇ ಕೂತ್ಕೊಂಡು ಮನೆಗೆ ಬಂದ ಮೇಲೂ ಬಿಡಲ್ಲ. ಲಗುನಾ ಸೆಕಾ ಟ್ರ್ಯಾಕಲ್ಲಿ ಹೆಚ್ಚಿನ ದಿನ 90ರಿಂದ 92 ಡೆಸಿಬಲ್ ಮಿತಿ ಬೇರೆ. ಮಾರ್ಬಿಟ್ಟೆ, ಬಂದ 200 ಡಾಲರಲ್ಲೇ ಬ್ರೇಕಿನ ಖರ್ಚು ಮುಗೀತು.

ಈಗ ಟೈರು. ಗಾಡಿ ಬಂದಾಗ ಟೈರ್ ನೋಡೋಕೆ ಹೊಸದರ ಥರಾನೇ ಇತ್ತು, ಗೆರೆ ಎಲ್ಲ ಆಳವಾಗಿತ್ತು. ಪಕ್ಕದ ಗೋಡೆ ಮೇಲೆ ಡಾಟ್ (DOT) ಅಂತ ಬರೆದಿರೋದರ ಕೊನೇಲಿ ನಾಲ್ಕು ಅಂಕಿ ಇರುತ್ತೆ ನೋಡಿ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ನಂದರಲ್ಲಿ 2312 ಅಂತಿತ್ತು, ಅಂದ್ರೆ 2012ರ 23ನೇ ವಾರ. ಉಗುರು ಒತ್ತಿದ್ರೆ ಗುರುತೇ ಬೀಳ್ತಿರಲಿಲ್ಲ, ರಬ್ಬರು ಅಷ್ಟು ಗಟ್ಟಿ. ಸಾರಟೋಗಾದಿಂದ ಹೈವೇ 9 ಹತ್ತಿ ಸ್ಕೈಲೈನ್ ಬೆಟ್ಟದ ರಸ್ತೆ ಕಡೆ ಹೋಗೋವಾಗ ಮರದ ನೆರಳಲ್ಲಿ ರಸ್ತೆ ತಣ್ಣಗಿರೋ ತಿರುವುಗಳಲ್ಲಿ ಹಿಂದಿನ ಚಕ್ರ ಹೇಳದೆ ಕೇಳದೆ ಜಾರ್ತಿತ್ತು. ಹೊಸ ಸಮ್ಮರ್ ಟೈರ್ ಹಾಕ್ಸಿದೆ, ಅದೇ 195/50 ಆರ್15 ಸೈಜು, ಕೂಲಿ ಸೇರಿ 560 ಡಾಲರ್. ಮೊದಲ ತಿರುವಲ್ಲೇ ಬೇರೆ ಗಾಡಿ ಅನ್ಸ್ತು. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತೆ, ಬ್ರೇಕ್ ಒತ್ತಿದ್ರೆ ಮೊದಲಿಗಿಂತ ಎಷ್ಟೋ ಮುಂಚೆ ನಿಲ್ಲುತ್ತೆ, ಆಕ್ಸಿಲರೇಟರ್ ಮೇಲೆ ಬೇಗ ಕಾಲಿಡೋಕೆ ಧೈರ್ಯ ಬರುತ್ತೆ. ಪವರ್ ಒಂದು ಚೂರೂ ಜಾಸ್ತಿ ಮಾಡದೆ ಗಾಡಿ ಫಾಸ್ಟ್ ಆಯ್ತು, ಯಾಕಂದ್ರೆ ತಿರುವಿನ ಒಳಗೆ ಸ್ಪೀಡ್ ಕಳ್ಕೊಳ್ಳೋದೇ ಕಮ್ಮಿ ಆಯ್ತು.

200 ಟ್ರೆಡ್‌ವೇರ್‌ನ (ಸವೆತದ ರೇಟಿಂಗು, ಕಮ್ಮಿ ಇದ್ದಷ್ಟೂ ರಬ್ಬರ್ ಮೆತ್ತಗೆ) ಆಟೋಕ್ರಾಸ್ (ಕೋನ್‌ಗಳ ನಡುವೆ ಟೈಮ್ ನೋಡಿ ಓಡಿಸೋ ಸ್ಪರ್ಧೆ) ಟೈರ್ ತಗೋ ಅಂದೋರು ತುಂಬಾ ಜನ, ಆ ಸ್ಪರ್ಧೆ ನಡೆಸೋ ಎಸ್‌ಸಿಸಿಎ ಕ್ಲಬ್ಬಿನ ಸ್ಟ್ರೀಟ್ ಕ್ಲಾಸಲ್ಲಿ ಅದಕ್ಕಿಂತ ಮೆತ್ತಗಿರೋದು ಹಾಕೋ ಹಾಗೂ ಇಲ್ಲ. ಸ್ನೇಹಿತರ ಗಾಡೀಲಿ ಓಡಿಸಿ ನೋಡಿದೆ, ಹಿಡಿತ ಭಯಂಕರ ಚೆನ್ನಾಗಿದೆ. ಆದ್ರೆ ಕಲಿಯೋರಿಗೆ 300ರ ಮೇಲಿನ ಟೈರೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅದು ಜಾರೋಕೆ ಮುಂಚೆ ಕಿರ್ರ್ ಅಂತ ಹೇಳಿ ಜಾರುತ್ತೆ, ಸ್ಪೀಡ್ ಇನ್ನೂ ಕಮ್ಮಿ ಇರೋವಾಗಲೇ ಜಾರುತ್ತೆ, ಬೇಗ ಸವೆಯೋದೂ ಇಲ್ಲ.

ಬ್ರೇಕು. ನಮ್ಮೂರು ತೀರ್ಥಹಳ್ಳಿ ಕಡೆ, ಆಗುಂಬೆ ಘಾಟಿ ಇಳಿಸೋ ಡ್ರೈವರ್‌ಗಳನ್ನ ನೋಡಿ ಬೆಳೆದೋರಿಗೆ ಇಳಿಜಾರಲ್ಲಿ ಬ್ರೇಕ್ ಬಿಸಿ ಆದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ. ಬ್ಲೀಡರ್ (ಹಳೇ ಫ್ಲೂಯಿಡ್ ಹೊರಗೆ ಬಿಡೋ ಸ್ಕ್ರೂ) ಬಿಚ್ಚಿದಾಗ ಹೊರಗೆ ಬಂದ ಫ್ಲೂಯಿಡು ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು. ಬ್ರೇಕ್ ಫ್ಲೂಯಿಡ್ ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತೆ, ಕುದಿದ್ರೆ ಲೈನಲ್ಲಿ ಆವಿ ಗುಳ್ಳೆ, ಪೆಡಲ್ ಸೀದಾ ನೆಲಕ್ಕೆ. ಡಾಟ್ 3, ಡಾಟ್ 4 ಅನ್ನೋದು ಫ್ಲೂಯಿಡ್ ದರ್ಜೆ, ಹೊಸ ಡಾಟ್ 3ಕ್ಕೆ ಕನಿಷ್ಠ 205 ಡಿಗ್ರಿ, ಡಾಟ್ 4ಕ್ಕೆ 230 ಡಿಗ್ರಿವರೆಗೂ ಕುದಿಯಬಾರದು ಅನ್ನೋದು ನಿಯಮ, ಮೋಟುಲ್ ಆರ್‌ಬಿಎಫ್ 600 ಅನ್ನೋ ರೇಸಿಂಗ್ ಫ್ಲೂಯಿಡ್ ಹೊಸದಿರೋವಾಗ 312 ಡಿಗ್ರಿ ತಡೆಯುತ್ತೆ. ನಾನು ಮಾಮೂಲಿ ಒಳ್ಳೇ ಡಾಟ್ 4 ಹಾಕಿದೆ, ರಸ್ತೆಗೆ ಅದು ಧಾರಾಳ. ಮಗಳು ಒಳಗೆ ಕೂತು ಪೆಡಲ್ ಒತ್ತಿದ್ಳು, ನಾನು ಕೆಳಗೆ ಬ್ಲೀಡರ್ ತಿರುಗಿಸಿದೆ. ಪ್ಯಾಡು, ಫ್ಲೂಯಿಡು ಎಲ್ಲ ಸೇರಿ 170 ಡಾಲರ್.

ಅಲೈನ್‌ಮೆಂಟ್ ಮಾತ್ರ ಬಿಡ್ಬೇಡಿ. ಇದಕ್ಕೆ ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಹಿಂದಿನ ಚಕ್ರದ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲೋ ಕೋನ) ಕೂಡ ಬೇರೆ ಪಾರ್ಟ್ ಹಾಕದೆ ಕಂಪನಿ ಬೋಲ್ಟಲ್ಲೇ ಹೊಂದಿಸ್ಬಹುದು. 150 ಡಾಲರ್‌ಗೆ ಇಷ್ಟು ಬದಲಾವಣೆ ಇನ್ಯಾವುದೂ ಕೊಡಲ್ಲ. ತುಕ್ಕು ಹಿಡಿದ ಗಾಡೀಲಿ ಆ ಬೋಲ್ಟ್ ಅಲ್ಲಾಡೋದೇ ಇಲ್ಲ, ಅರಿಜೋನಾಗೆ ಹೋಗಿ ಬಂದಿದ್ದು ಇಲ್ಲಿ ಸಾರ್ಥಕ ಆಯ್ತು.

ಶಾಕ್ಸ್ (ಶಾಕ್ ಅಬ್ಸಾರ್ಬರ್): ಕೋನಿ ಇಲ್ಲ ಬಿಲ್‌ಸ್ಟೀನ್ ಬ್ರ್ಯಾಂಡಿಗೆ ದುಡ್ಡು ಕೂಡಿಡಿ, ಗಾಡಿ ತಗ್ಗಿಸೋ ಅಗ್ಗದ ಕಾಯಿಲೋವರ್ (ಸ್ಪ್ರಿಂಗು-ಶಾಕ್ಸ್ ಸೇರಿದ ಸೆಟ್ಟು) ಬೇಡ. ಈ ಗಾಡೀಲಿ ಸಸ್ಪೆನ್ಷನ್ ಆಡೋಕೆ ಜಾಗಾನೇ ಕಮ್ಮಿ, ತಗ್ಗಿಸಿದ್ರೆ ಬಂಪ್‌ಸ್ಟಾಪ್‌ಗೆ (ಕೊನೇಲಿರೋ ತಡೆ) ಬಡಿದು ತಿರುವಲ್ಲೇ ಕುಪ್ಪಳಿಸುತ್ತೆ.

ಒಟ್ಟು ನಂಗೆ ಖರ್ಚಾಗಿದ್ದು ಟೈರು, ಬ್ರೇಕು, ಅಲೈನ್‌ಮೆಂಟ್ ಸೇರಿ 880 ಡಾಲರ್, ಡಬ್ಬದ 80 ಬೇರೆ, ಉಳಿದದ್ದು ರೇಡಿಯೇಟರ್‌ಗೆ ಇಟ್ಟಿದೀನಿ. ಇದರ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕರೀ ಬಣ್ಣ ಹೋಗಿ ಕಂದು ತಿರುಗಿದ್ರೆ ಒಡೆಯೋ ಟೈಮ್ ಬಂತು ಅಂತ ಅರ್ಥ, ನಂದು ತಿರುಗ್ತಾ ಇದೆ. ನಾನು ಓಡಿಸೋದು ವಾರಾಂತ್ಯ ಬೆಳಗ್ಗೆ, ಬೆಟ್ಟದ ರಸ್ತೇಲಿ, ಮನೆಯೋರು ಏಳೋ ಮುಂಚೆ ವಾಪಸ್. ನೀವು ಟ್ರ್ಯಾಕಿಗೇ ಹೋಗೋರಾದ್ರೆ ಲೆಕ್ಕ ಬೇರೆ, ಕನ್ವರ್ಟಿಬಲ್ ಆದ್ರಿಂದ ರೋಲ್ ಬಾರ್ (ಗಾಡಿ ಮಗುಚಿದ್ರೆ ತಲೆ ಕಾಯೋ ಕಂಬಿ) ಇಲ್ಲದೆ ಹೆಚ್ಚಿನ ಕಡೆ ಒಳಗೇ ಬಿಡಲ್ಲ, ಮೊದಲ ದುಡ್ಡು ಅದಕ್ಕೇ ಹಾಕಿ. ಚಳಿಗಾಲದಲ್ಲಿ ಹಿಮ ಬೀಳೋ ಟಾಹೋ ಬೆಟ್ಟಗಳ ಕಡೆ ಹೋಗೋರು ಈ ಸಮ್ಮರ್ ಟೈರಲ್ಲಿ ಹೋಗ್ಲೇಬೇಡಿ, ಆ ಚಳಿಗೆ ರಬ್ಬರ್ ಗಟ್ಟಿಯಾಗಿ ಹಿಡಿತಾನೇ ಇರಲ್ಲ, ಬೇರೆ ವೀಲ್ ಸೆಟ್ ಒಂದು ಇಟ್ಕೊಳ್ಳಿ.