ಟ್ರಾವೆಲರ್ ಆಟದ ಹಳೆ ಥರ್ಡ್ ಪಾರ್ಟಿ ಪುಸ್ತಕಗಳು: ಈಗ ಯಾವುದನ್ನು ಆಡಬಹುದು?

ಮೊದಲೇ ಹೇಳಿಬಿಡುತ್ತೇನೆ. ಗೇಮ್‌ಲಾರ್ಡ್ಸ್ 1983ರಲ್ಲಿ ತಂದ ‘ದಿ ಮೌಂಟನ್ ಎನ್ವಿರಾನ್‌ಮೆಂಟ್’ ಸಿಕ್ಕರೆ ಬಿಡಬೇಡಿ. ಉಳಿದವುಗಳ ಬಗ್ಗೆಯೂ ಮಾತಾಡೋಣ, ಆದರೆ ಒಂದೇ ಒಂದು ತಗೊಳ್ಳುವುದಾದರೆ ಅದನ್ನೇ ತಗೊಳ್ಳಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಟ್ರಾವೆಲರ್ ಅಂದರೆ 1977ರಲ್ಲಿ ಜಿಡಿಡಬ್ಲ್ಯು ಕಂಪನಿ ಹೊರತಂದ ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಆಟ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕೂತು ಮಾತಿನಲ್ಲೇ ಕಥೆ ಆಡುವುದು, ಮಾಡಿದವರು ಮಾರ್ಕ್ ಮಿಲ್ಲರ್. ಡಬ್ಬಿಯಲ್ಲಿ ಕಪ್ಪು ರಟ್ಟಿನ ಮೂರು ಪುಟ್ಟ ಪುಸ್ತಕ, ಆಡೋಕೆ ಆರು ಮುಖದ ಡೈಸ್ ಸಾಕು. ಪಾತ್ರ ಕಟ್ಟುವಾಗಲೇ ಆ ಪಾತ್ರ ಸತ್ತುಹೋಗಬಹುದು ಅನ್ನುವ ನಿಯಮ ಇದರದ್ದೇ. ಆದರೆ ಆ ಮೂರು ಪುಸ್ತಕದಲ್ಲಿ ಸಿದ್ಧವಾದ ಲೋಕ ಅಂತ ಇರಲಿಲ್ಲ. ಗ್ರಹ, ಊರು, ಜನ ಎಲ್ಲವನ್ನೂ ರೆಫರಿ, ಅಂದರೆ ಆಟ ನಡೆಸುವವರೇ ಹುಟ್ಟಿಸಬೇಕಿತ್ತು. ಆ ಖಾಲಿ ಜಾಗ ತುಂಬಿಸೋಕೆ ಜಡ್ಜಸ್ ಗಿಲ್ಡ್, ಫಾಸಾ, ಪ್ಯಾರನೋಯಾ ಪ್ರೆಸ್, ಗೇಮ್‌ಲಾರ್ಡ್ಸ್ ಅಂತ ಒಂದೊಂದೇ ಹೊರಗಿನ (ಥರ್ಡ್ ಪಾರ್ಟಿ) ಕಂಪನಿ ಬಂದವು. 1979ರಿಂದ ಹಿಡಿದು ಐದಾರು ವರ್ಷ ಇವರ ಪುಸ್ತಕಗಳ ಸುಗ್ಗಿ.

ನಮ್ಮದು ಬಸವನಗುಡಿಯಲ್ಲಿ ಸೇರುವ ಗುಂಪು. ಭಾನುವಾರ ಮಧ್ಯಾಹ್ನ ಮಾತ್ರ ಬಿಡುವು, ಸಿಲ್ಕ್ ಬೋರ್ಡ್ ದಾಟಿಕೊಂಡು ಬರುವವರು ಬಂದು ಕಾಫಿ ಕುಡಿದು ಕೂರುವ ಹೊತ್ತಿಗೆ ಅದರಲ್ಲೂ ಅರ್ಧ ಹೋಗಿರುತ್ತದೆ. ಹಾಗಾಗಿ ಪುಸ್ತಕ ಎಷ್ಟು ಅಪರೂಪದ್ದು, ರಟ್ಟಿನ ಚಿತ್ರ ಎಷ್ಟು ಚಂದ ಅನ್ನೋದು ನನಗೆ ಮುಖ್ಯ ಅಲ್ಲ. ಟೇಬಲ್ ಮೇಲೆ ಬಿಚ್ಚಿ ಇಟ್ಟ ತಕ್ಷಣ ಕೆಲಸಕ್ಕೆ ಬರುತ್ತದಾ? ಅಷ್ಟೇ ನೋಡುವುದು.

ಜಡ್ಜಸ್ ಗಿಲ್ಡ್‌ನ ‘ಲೇ ಸೆಕ್ಟರ್’ (1980), ‘ಗ್ಲಿಮರ್‌ಡ್ರಿಫ್ಟ್ ರೀಚಸ್’ (1981) ಇವೆಲ್ಲ ನಕ್ಷೆ ಪುಸ್ತಕಗಳು. ಒಂದು ಸೆಕ್ಟರ್ ಅಂದರೆ ಬಾಹ್ಯಾಕಾಶದ ಒಂದು ತುಂಡಿನ ನಕ್ಷೆ, ಅಡ್ಡಕ್ಕೆ 32, ಉದ್ದಕ್ಕೆ 40 ಆರು ಮೂಲೆಯ ಮನೆಗಳು, ಅದರಲ್ಲಿ ನೂರಾರು ಗ್ರಹ. ಒಂದೊಂದು ಗ್ರಹಕ್ಕೂ ಒಂದು ಸಾಲು ಅಕ್ಷರ, ಅಂಕಿ. ಈ ಸಾಲನ್ನು ಓದೋದು ಗೊತ್ತಾದರೆ ಮಜಾ ಇದೆ. ಉದಾಹರಣೆಗೆ ನಾನೇ ಬರೆದ ಒಂದು ಸಾಲು ನೋಡಿ: ಸಿ521419-7. ಸಿ ಅಂದರೆ ಬಾಹ್ಯಾಕಾಶ ಹಡಗುಗಳಿಗೆ ಸಾಧಾರಣ ಬಂದರು. 5 ಅಂದರೆ ಸುಮಾರು 8,000 ಕಿ.ಮೀ. ವ್ಯಾಸದ ಸಣ್ಣ ಗ್ರಹ. 2 ಅಂದರೆ ತೀರಾ ತೆಳು ಗಾಳಿ, ಅದೂ ಕೆಟ್ಟಿರುವ ಗಾಳಿ. 1 ಅಂದರೆ ನೀರು ನೂರಕ್ಕೆ ಹತ್ತು ಭಾಗ. 4 ಅಂದರೆ ಹತ್ತಾರು ಸಾವಿರ ಜನ. ಮುಂದಿನ 1 ಅಂದರೆ ಆಡಳಿತ ಒಂದು ಕಂಪನಿಯ ಕೈಯಲ್ಲಿ. 9 ಅಂದರೆ ಮನೆ ಹೊರಗೆ ಯಾವ ಆಯುಧವೂ ಹಿಡಿಯುವಂತಿಲ್ಲ. ಕೊನೆಯ 7, ತಂತ್ರಜ್ಞಾನ ಹೆಚ್ಚುಕಮ್ಮಿ ನಮ್ಮ 1970ರ ದಶಕದ್ದು. ನೀರು ಕಮ್ಮಿ, ಉಸಿರಾಡೋಕೆ ಮಾಸ್ಕ್ ಬೇಕು, ಆ ಮಾಸ್ಕ್ ಮಾರುವುದೂ ಅದೇ ಕಂಪನಿ, ಎದುರು ನಿಲ್ಲೋಕೆ ಕೈಯಲ್ಲಿ ಒಂದು ಚಾಕೂ ಇಲ್ಲ. ಒಂದು ಮಧ್ಯಾಹ್ನಕ್ಕೆ ಆಗುವಷ್ಟು ಕಥೆ ಅಲ್ಲೇ ಸಿಕ್ಕಿತಲ್ವಾ?

ಆದರೆ ಆ ಕಥೆ ಕಟ್ಟಿದ್ದು ನಾವು, ಪುಸ್ತಕ ಅಲ್ಲ. ಜಡ್ಜಸ್ ಗಿಲ್ಡ್ ಸಾಲು ಕೊಟ್ಟು ಸುಮ್ನೆ ಮುಂದಿನ ಗ್ರಹಕ್ಕೆ ಹೋಗಿಬಿಡುತ್ತದೆ. ಪುರುಸೊತ್ತು ಇರುವ ರೆಫರಿಗೆ ಇದು ಒಳ್ಳೆಯದೇ, ನನ್ನಂಥವರಿಗೆ ಸಾಲದು.

ಫಾಸಾ ಕಥೆ ಬೇರೆ. ಮುಂದೆ ಬ್ಯಾಟಲ್‌ಟೆಕ್, ಶ್ಯಾಡೋರನ್ ಆಟಗಳನ್ನು ಮಾಡಿ ಹೆಸರು ಗಳಿಸಿದ ಇದೇ ಕಂಪನಿ ಶುರುವಿನಲ್ಲಿ ಟ್ರಾವೆಲರ್‌ಗೆ ಹಡಗಿನ ನಕ್ಷೆ, ಸಾಹಸ ಕಥೆ ಮಾಡುತ್ತಿತ್ತು. ಇವರ ‘ಸ್ಕೈ ರೇಡರ್ಸ್’ ಮೂರು ಭಾಗ (1981, 1982), ಬರೆದದ್ದು ಕೀತ್ ಸಹೋದರರು. ಕಳೆದುಹೋದ ಒಂದು ನಾಗರಿಕತೆಯ ಕುರುಹು ಹುಡುಕುತ್ತಾ ಹೋಗುವ ಕಥೆ. ಮೊದಲ ಭಾಗದ ಮಿರಾಯ್ನ್ ಗ್ರಹದ ಕಾಡು ನಮ್ಮ ಟೇಬಲ್‌ನಲ್ಲಿ ಚೆನ್ನಾಗಿ ಕೂತಿತು. ಬೇಗೂರಿನ ನಾಗೇಶ್ವರ ದೇವಸ್ಥಾನದ ಶಾಸನ, ಅದೇ ಸುಮಾರು ಕ್ರಿ.ಶ. 890ರದ್ದು, ಬೆಂಗಳೂರು ಕಾಳಗದ ಮಾತು ಬರುತ್ತಲ್ಲ, ಅದನ್ನು ಹೋಗಿ ನೋಡಿ ಬಂದವರು ಗುಂಪಿನಲ್ಲಿ ಇದ್ದಾರೆ. ಒಂದು ಹಳೆ ಕಲ್ಲಿನಿಂದ ಎಷ್ಟು ದೂರ ಊಹಿಸಬಹುದು ಅನ್ನೋದು ಅವರಿಗೆ ಗೊತ್ತು, ಗನ್ ತೆಗೆಯೋ ಬದಲು ನೋಟ್‌ಬುಕ್ ತೆಗೆದರು. ಮೂರನೇ ಭಾಗದ ಬಗ್ಗೆ ಇಲ್ಲಿ ಹೇಳೋದಿಲ್ಲ, ಆಡಿಯೇ ನೋಡಬೇಕು. ಒಂದು ದೂರು ಅಂದರೆ ಓದೋಕೆ ಜಾಸ್ತಿ ಇದೆ. ರೆಫರಿ ಹಿಂದಿನ ವಾರವೇ ಕೂತು ಓದಿರಬೇಕು, ಆಟದ ದಿನ ಪುಟ ತಿರುಗಿಸಿಕೊಂಡು ನಡೆಸೋಕೆ ಆಗಲ್ಲ.

ಪ್ಯಾರನೋಯಾ ಪ್ರೆಸ್‌ನ ‘ಸ್ಕೌಟ್ಸ್ ಅಂಡ್ ಅಸಾಸಿನ್ಸ್’ (1981) ಬೇಡ. ಸ್ಕೌಟ್, ಅಂದರೆ ಗ್ರಹ ಪರಿಶೋಧಕನ ಪಾತ್ರದ ಭಾಗ ಪರವಾಗಿಲ್ಲ, ಆದರೆ ಬಾಡಿಗೆ ಕೊಲೆಗಾರನ ಪಾತ್ರ ಒಂದು ಟೇಬಲ್‌ಗೆ ಬಂದರೆ ಉಳಿದವರಿಗೆ ಮಾಡೋಕೆ ಏನೂ ಉಳಿಯೋದಿಲ್ಲ.

ಈಗ ‘ಮೌಂಟನ್ ಎನ್ವಿರಾನ್‌ಮೆಂಟ್’. ಬರೆದವರು ಜೆ. ಆಂಡ್ರ್ಯೂ ಕೀತ್. ವಿಷಯ ಒಂದೇ, ಬೆಟ್ಟ. ಹತ್ತುವುದು, ಬೀಳುವುದು, ಹಗ್ಗ, ಸಾಮಾನು, ಎತ್ತರ, ಹವೆ. ಲೇಸರ್ ಗನ್ ಇರುವ ಆಟದಲ್ಲಿ ಇದೆಲ್ಲ ಯಾಕೆ ಅಂತ ಕೇಳಿದವರು ನಮ್ಮಲ್ಲೂ ಇದ್ದರು. ಹಡಗು ಬೆಟ್ಟದ ಮೇಲೆ ಬಿದ್ದು, ಕತ್ತಲಾಗೋ ಮುಂಚೆ ಕೆಳಗಿನ ಕಣಿವೆಗೆ ಇಳಿಯಬೇಕು ಅಂತ ಬಂದಾಗ ಅವರೇ ಮುಂದೆ ಬಾಗಿ ಕೂತರು. ರಾಮನಗರದ ಬಂಡೆಗಳಲ್ಲಿ ಹತ್ತಿ ಅಭ್ಯಾಸ ಇರುವ ಗೆಳತಿಯೊಬ್ಬಳು ಹಗ್ಗ ಯಾರು ಹಿಡಿಯೋದು, ಮೊದಲು ಇಳಿಯೋದು ಯಾರು, ಗಾಯ ಆದವನನ್ನು ಎಲ್ಲಿ ಕಟ್ಟೋದು ಅಂತ ಒಂದೊಂದೇ ಕೇಳುತ್ತಾ ಹೋದಳು, ಯಾವ ಪ್ರಶ್ನೆಗೂ ನಾನು ತಡವರಿಸಬೇಕಾಗಲಿಲ್ಲ, ಪುಸ್ತಕದಲ್ಲಿ ಹಿಡಿದುಕೊಳ್ಳೋಕೆ ಏನಾದರೊಂದು ಸಿಗುತ್ತಿತ್ತು. ಇಡೀ ಮಧ್ಯಾಹ್ನ ಒಂದು ಗುಂಡು ಹಾರಲಿಲ್ಲ. ನಮ್ಮ ಗುಂಪಿನಲ್ಲಿ ಈಗಲೂ ಜನ ನೆನೆಸಿಕೊಳ್ಳುವ ಆಟ ಅದು. ಇದರ ಜೊತೆಗೆ ‘ಅಸೆಂಟ್ ಟು ಅನೆಕ್ತೋರ್’ ಅಂತ ಸಾಹಸ ಕಥೆಯೂ ಇದೆ, ಬೆಟ್ಟ ಹತ್ತುವುದೇ ಕಥೆ. ಸಮುದ್ರದಡಿಗೆ, ಮರುಭೂಮಿಗೆ ಇದೇ ಥರದ ಬೇರೆ ಪುಸ್ತಕಗಳಿವೆ, ಅವೂ ಚೆನ್ನಾಗಿವೆ.

ಇವತ್ತಿನ ಬಣ್ಣದ ದಪ್ಪ ಟ್ರಾವೆಲರ್ ಪುಸ್ತಕಗಳಲ್ಲಿ ಆಟದೊಳಗಿನ ಸಾಮ್ರಾಜ್ಯದ ಇತಿಹಾಸಕ್ಕೆ ಹತ್ತಾರು ಪುಟ ಕೊಡುತ್ತಾರೆ. ಹಗ್ಗ ತುಂಡಾದರೆ ಏನು ಮಾಡಬೇಕು ಅನ್ನೋದಕ್ಕೆ ಒಂದು ಪುಟ ಕೊಟ್ಟರೆ ನನಗೆ ಜಾಸ್ತಿ ಉಪಯೋಗ.

ಸಿಗೋದು ಎಲ್ಲಿ? ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ವಿಜ್ಞಾನ ಕಾದಂಬರಿ ಧಾರಾಳವಾಗಿ ಸಿಗುತ್ತವೆ, ಇವು ನನ್ನ ಕಣ್ಣಿಗೆ ಬಿದ್ದಿಲ್ಲ. ಮಿಲ್ಲರ್ ಅವರ ಫಾರ್ ಫ್ಯೂಚರ್ ಎಂಟರ್‌ಪ್ರೈಸಸ್ ಇಂಥ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ‘ಅಪೋಕ್ರಿಫಾ’ ಅಂತ ಸಿ.ಡಿ. ತಂದಿತ್ತು, ಆ ಸ್ಕ್ಯಾನ್‌ಗಳೇ ನಮ್ಮ ಪಾಲಿಗೆ ದಾರಿ. ಗೇಮ್‌ಲಾರ್ಡ್ಸ್ ಪುಸ್ತಕ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಟೇಬಲ್ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಜಡ್ಜಸ್ ಗಿಲ್ಡ್‌ದು ಮೂಲದಲ್ಲೇ ಅಗ್ಗದ ನ್ಯೂಸ್‌ಪ್ರಿಂಟ್, ಸ್ಕ್ಯಾನ್ ಬೂದು ಬೂದಾಗಿ ಬಂದಿರುತ್ತದೆ. ಅದರಲ್ಲಿ ನಕ್ಷೆಯ ಪುಟಗಳನ್ನು ಮಾತ್ರ ಎ3 ಹಾಳೆಗೆ ದೊಡ್ಡದು ಮಾಡಿಸಿಕೊಳ್ಳಿ, ಉಳಿದದ್ದನ್ನು ಟ್ಯಾಬ್‌ನಲ್ಲೇ ಓದಿದರೆ ಸಾಕು.